ಶವಾಗಾರದ ಅಣ್ಣ ಕಾಲೇಜು ಆರಿಸಿದ್ದು

ನಲವತ್ತನಾಲ್ಕನೇ ವಯಸ್ಸಿನಲ್ಲಿ ಕಾಲೇಜು ಸೇರುತ್ತೇನೆ ಎಂದು ಹೊರಟವನು ನನ್ನ ಅಣ್ಣ. ಅದೂ ಪಾದ್ರಿಗಳ ಕಾಲೇಜು. ಓದಿ ಮುಗಿಸಿ ಆಸ್ಪತ್ರೆಯಲ್ಲೇ ಪಾದ್ರಿಯಾಗಬೇಕು, ರೋಗಿಗಳ ಪಕ್ಕದಲ್ಲಿ ಕೂರಬೇಕು ಎಂಬುದು ಅವನ ಹಠ. ನಾನು ಮೊದಲು ನಕ್ಕೆ, ಆಮೇಲೆ ಬೈದೆ. ಎರಡನ್ನೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಚರ್ಚಿನ ಸಭೆಯ ನಿಯಮದಂತೆ ನಲವತ್ತೈದು ದಾಟಿದವರಿಗೆ ಪಾದ್ರಿ ಓದಿಗೆ ಶಿಫಾರಸು ಪತ್ರ ಕೊಡುವುದಿಲ್ಲ. ಅವನಿಗೆ ಉಳಿದಿದ್ದದ್ದು ಅದೊಂದೇ ವರ್ಷ.

ಅಣ್ಣನ ಕೆಲಸ ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ. ನೆಲಮಾಳಿಗೆಯಲ್ಲಿ ಎರಡು ಕೋಣೆ. ಒಂದರಲ್ಲಿ ತಣ್ಣನೆಯ ಕಪಾಟುಗಳು, ಇನ್ನೊಂದರಲ್ಲಿ ನೀರು ಹರಿದುಹೋಗಲು ಕಾಲುವೆ ಕೊರೆದ ಕಲ್ಲಿನ ಮೇಜು, ಗೋಡೆಗೆ ಸಿಕ್ಕಿಸಿದ ರಬ್ಬರ್ ಪೈಪು. ಬಂದ ದೇಹವನ್ನು ತೊಳೆಯುವುದು, ಒರೆಸುವುದು, ಗಾಯಕ್ಕೆ ಬಟ್ಟೆ ಸುತ್ತುವುದು, ಮನೆಯವರು ಬಂದಾಗ ಮುಖ ತೋರಿಸುವುದು, ಇದನ್ನು ಅವನು ಹತ್ತೊಂಬತ್ತು ವರ್ಷ ಮಾಡಿದ್ದಾನೆ. ನಾನು ಅದೇ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿದ್ದೇನೆ. ಹಾಸಿಗೆಯ ಬಟ್ಟೆಗೂ ಹೆಣಕ್ಕೆ ಹೊದಿಸುವ ಬಟ್ಟೆಗೂ ಅಂಚು ಹೊಡೆಯುವುದು ನನ್ನ ಪಾಲು. ಹೆಣ ಮುಟ್ಟುವವನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರಲಿಲ್ಲ, ಅವನಿಗೆ ಮದುವೆಯಾಗಲಿಲ್ಲ. ನನಗೆ ಆಗಿ ಮುಗಿಯಿತು. ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ.

ಕೆಲಸದಲ್ಲಿ ಅವನಿಗೊಂದು ಪದ್ಧತಿ ಇತ್ತು. ಮನೆಯವರು ನೋಡುವ ಮುಖ ಅವರಿಗೆ ಗುರುತಿರುವ ಮುಖವೇ ಆಗಿರಬೇಕು ಎನ್ನುತ್ತಿದ್ದ. ಅದಕ್ಕಾಗಿ ಸತ್ತವರ ಚೀಲದಲ್ಲಿ ಗುರುತಿನ ಚೀಟಿ ಇದ್ದರೆ ಅದರಲ್ಲಿನ ಫೋಟೋ ನೋಡಿ ತಲೆ ಬಾಚುತ್ತಿದ್ದ. ಉಳಿದವರು ಹಾಗೆ ಮಾಡುವುದಿಲ್ಲ. ಚೀಲ ಮುಟ್ಟುವುದು ನಿಯಮಕ್ಕೆ ವಿರುದ್ಧ ಕೂಡ. “ಏನಯ್ಯಾ, ಮದುವೆಗೆ ತಯಾರು ಮಾಡ್ತಿದೀಯಾ?” ಎಂದು ಮೇಲ್ವಿಚಾರಕ ತಮಾಷೆ ಮಾಡುತ್ತಿದ್ದ. ಅಣ್ಣ ನಗುತ್ತಿರಲಿಲ್ಲ, ಬಾಚಣಿಗೆ ತೊಳೆದಿಡುತ್ತಿದ್ದ.

ಈಗ ಕಥೆಗೆ ಮೂಲವಾದ ದಿನಕ್ಕೆ ಬರುತ್ತೇನೆ. ಕಾಲೇಜಿನ ಹುಚ್ಚು ಹಿಡಿಯುವುದಕ್ಕೆ ಆರು ವರ್ಷ ಮೊದಲು ಒಂದು ಬೆಳಿಗ್ಗೆ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳ ದೇಹ ಬಂತು. ಕೆಲಸಕ್ಕೆ ಹೊರಟವಳ ಸ್ಕೂಟರಿಗೆ ಲಾರಿ ಗುದ್ದಿತ್ತು. ರಸ್ತೆಯಲ್ಲೇ ಪ್ರಾಣ ಹೋಗಿತ್ತು. ಅಣ್ಣ ಅವಳನ್ನು ಜೀವಂತ ನೋಡಿದವನೇ ಅಲ್ಲ. ಕೂದಲಲ್ಲಿ ಸಿಕ್ಕಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ತೆಗೆದು, ಫೋಟೋದಲ್ಲಿ ಇದ್ದ ಹಾಗೆ ಎಡಕ್ಕೆ ಬೈತಲೆ ತೆಗೆದು ಬಾಚಿದ್ದ. ಸಂಜೆ ಹೊತ್ತಿಗೆ ತಾಯಿ ಬೇರೆ ಊರಿನಿಂದ ಬಸ್ಸು ಹಿಡಿದು ಬಂದಳು. ಆಸ್ಪತ್ರೆಯ ಕೆಳಗಿನ ಕೆಲಸದವರಿಗೆಲ್ಲ ಒಂದೇ ಬೂದು ಅಂಗಿ. ಇವನು ತುರ್ತು ವಾರ್ಡಿನವನು, ಮಗಳ ಕೊನೆಗಳಿಗೆಯಲ್ಲಿ ಜೊತೆಗಿದ್ದವನು ಎಂದು ಆ ತಾಯಿ ಅಂದುಕೊಂಡಳು.

ಮಗಳ ಹಣೆಯ ಮೇಲೆ ಕೈ ಇಟ್ಟು ಅವಳು ಕೇಳಿದಳಂತೆ: “ಎಡಗಡೆ ಬೈತಲೆ ತೆಗೀತಾಳೆ ಅಂತ ನಿನಗೆ ಯಾರಪ್ಪಾ ಹೇಳಿದ್ರು? ಅವಳೇ ಹೇಳಿದ್ಲಾ? ಮಾತಾಡ್ತಿದ್ಲಾ?”

ಸತ್ತವರ ಚೀಲಕ್ಕೆ ಕೈ ಹಾಕಿದೆ ಎಂದು ಹೇಳಲು ಅಣ್ಣನಿಗೆ ನಾಲಿಗೆ ಹೊರಳಲಿಲ್ಲ. “ಹೂಂ” ಎಂದುಬಿಟ್ಟ.

“ನನ್ನ ಬಗ್ಗೆ ಏನಾದ್ರೂ ಅಂದ್ಲಾ? ಎಂಟು ತಿಂಗಳಾಗಿತ್ತು ನನ್ನ ಹತ್ರ ಮಾತು ಬಿಟ್ಟು. ಮನೆಯಿಂದ ಆಚೆ ಹೋಗು ಅಂತ ನಾನೇ ಅಂದಿದ್ದೆ.”

ಅಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರೋ ಕಾಣೆ. ಅಣ್ಣ ಹೇಳಿದ: “‘ನನಗೆ ಕೋಪ ಇಲ್ಲ ಅಂತ ಅಮ್ಮನಿಗೆ ಹೇಳಿ’ ಅಂದ್ರಮ್ಮ.”

ಆ ಹೆಂಗಸು ಅಣ್ಣನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳಂತೆ. ಅಷ್ಟು ವರ್ಷದಲ್ಲಿ ಯಾರೂ ಮುಟ್ಟಲು ಬಯಸದ ಕೈಗಳು ಅವು. ಮನೆಗೆ ಬಂದು ಇದನ್ನು ಹೇಳುವಾಗ ಅವನು ಅತ್ತ. ‘ನೀನು ಒಳ್ಳೆಯ ಕೆಲಸವನ್ನೇ ಮಾಡಿದೆ’ ಎಂದೆ ನಾನು. ಇವತ್ತಿಗೂ ಹಾಗೇ ಅನ್ನುತ್ತೇನೆ.

ಮರುವರ್ಷ ಅದೇ ತಾರೀಕಿಗೆ ಅವಳು ಶವಾಗಾರದ ಬಾಗಿಲಿಗೆ ಬಂದಳು. ಅಣ್ಣನನ್ನು ತುರ್ತು ವಾರ್ಡಿನಿಂದ ಈಗ ಇಲ್ಲಿಗೆ ಹಾಕಿದ್ದಾರೆ ಎಂದುಕೊಂಡಳು, ಅವನು ತಿದ್ದಲಿಲ್ಲ. “ಇನ್ನೊಂದ್ಸಲ ಹೇಳಪ್ಪಾ, ಅವಳು ಹೇಗೆ ಅಂದ್ಲು?” ಎಂದಳು. ಅಣ್ಣ ಹೇಳಿದ. ಅದರ ಮುಂದಿನ ವರ್ಷವೂ ಬಂದಳು. ನಾವು ಅವಳಿಗೆ ‘ವರ್ಷದಮ್ಮ’ ಎಂದು ಹೆಸರಿಟ್ಟೆವು. ನಾಲ್ಕನೇ ವರ್ಷಕ್ಕೆ ತಮಾಷೆ ಬತ್ತಿಹೋಯಿತು. ಯಾಕೆಂದರೆ ಹೇಳಿದ್ದನ್ನೇ ಹೇಳಿದರೆ ಅವಳಿಗೆ ಸಾಲುತ್ತಿರಲಿಲ್ಲ. ನೀರು ಕೇಳಿದಳಾ? ಕಣ್ಣು ಬಿಟ್ಟಿದ್ದಳಾ? ಅಣ್ಣ ಒಂದೊಂದು ವರ್ಷ ಒಂದೊಂದು ಮಾತು ಸೇರಿಸಬೇಕಾಗುತ್ತಿತ್ತು. ಹೋದ ವರ್ಷ ಏನು ಹೇಳಿದ್ದೆ ಎಂದು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು, ತಾರೀಕು ಹತ್ತಿರ ಬಂದಾಗ ಪರೀಕ್ಷೆಗೆ ಓದುವವನ ಹಾಗೆ ಓದುತ್ತಿದ್ದ. ಆ ವಾರವೆಲ್ಲ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಆರನೇ ವರ್ಷ ಅವಳು ಬಂದು ಹೋದ ಮೇಲೆ ಅವನು ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತ. “ಇಂಥವರಿಗೆ ಏನು ಹೇಳ್ಬೇಕು ಅಂತ ಕಲಿಸೋ ಜಾಗ ಎಲ್ಲಾದ್ರೂ ಇರ್ಲೇಬೇಕು ಪುಟ್ಟಿ. ಸುಳ್ಳು ಹೇಳದೆ ಹೇಳೋಕಾಗೋ ಮಾತು. ನಾನು ಅದನ್ನ ಕಲಿತೀನಿ” ಎಂದ. ನಲವತ್ತು ದಾಟಿದ ನನ್ನನ್ನು ಪುಟ್ಟಿ ಎನ್ನುವವನು ಅವನೊಬ್ಬನೇ.

ನಮ್ಮ ಪಾದ್ರಿ ಮೂರು ಕಾಲೇಜುಗಳ ವಿಳಾಸ ಕೊಟ್ಟರು. ಅಣ್ಣನಿಗೆ ಒಬ್ಬನೇ ಹೋಗಿ ದೊಡ್ಡ ಮನುಷ್ಯರೆದುರು ನಿಲ್ಲಲು ಧೈರ್ಯವಿಲ್ಲ, ನಾನೂ ರಜೆ ಹಾಕಿ ಹಿಂದೆ ಹೋದೆ. ಮೊದಲನೆಯದು ನೂರು ವರ್ಷದ ಕಲ್ಲಿನ ಕಟ್ಟಡ. ಪ್ರಾಂಶುಪಾಲರ ಕೋಣೆಯಲ್ಲಿ ಸೂರು ಮುಟ್ಟುವ ಪುಸ್ತಕಗಳು. ನಾಲ್ಕು ವರ್ಷದ ಪದವಿ, ಗ್ರೀಕ್, ಹೀಬ್ರೂ, ಸಭೆಯ ಚರಿತ್ರೆ ಎಂದು ಅವರು ಬೆರಳು ಮಡಚಿದರು. ಅಣ್ಣ ಎಲ್ಲ ಕೇಳಿಸಿಕೊಂಡು, “ಸಾರ್, ಮಗಳನ್ನ ಕಳ್ಕೊಂಡೋರಿಗೆ ಏನು ಹೇಳ್ಬೇಕು ಅಂತ ಇಲ್ಲಿ ಕಲಿಸ್ತೀರಾ?” ಎಂದು ಕೇಳಿದ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಮೂರನೇ ವರ್ಷದಲ್ಲಿ ಐಚ್ಛಿಕ ವಿಷಯ ಒಂದಿದೆ. ಈ ವರ್ಷ ಅದಕ್ಕೆ ಅಧ್ಯಾಪಕರಿಲ್ಲ.”

ಎರಡನೆಯದು ಹೊಸದು. ಗಾಜಿನ ಬಾಗಿಲು, ವೇದಿಕೆ, ಮೈಕು, ಮಿರಮಿರ ಮಿಂಚುವ ಪುಸ್ತಿಕೆ. ಅಲ್ಲಿನ ನಿರ್ದೇಶಕರು ಅಣ್ಣನ ಹೆಗಲ ಮೇಲೆ ಕೈ ಹಾಕಿದರು. ಶವಾಗಾರದಲ್ಲಿ ಕೆಲಸ ಎಂದು ತಿಳಿದ ಮೇಲೆ ಕೈ ತೆಗೆದರು, ಆದರೂ ಮುಖ ಮುರಿಯಲಿಲ್ಲ. “ಒಂದೇ ವರ್ಷ ಬ್ರದರ್. ನೀವು ಮಾತಾಡಿದ್ರೆ ಸಾವಿರ ಜನ ಅಳ್ಬೇಕು, ಹಂಗೆ ತಯಾರು ಮಾಡ್ತೀವಿ” ಎಂದರು.

“ನಾನು ಹೋಗೋದೇ ಅಳ್ತಾ ಇರೋರ ಹತ್ರ ಸಾರ್” ಎಂದ ಅಣ್ಣ.

ಹೊರಗೆ ಬಂದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ದಿನಗಳಲ್ಲಿ ನಾನು ನಕ್ಕದ್ದು ಅದೇ ಕೊನೆ ಇರಬೇಕು.

ಮೂರನೆಯದಕ್ಕೆ ಕಾಲೇಜು ಎಂದು ಹೇಳಲು ಒಂದು ಫಲಕ ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನೊಂದು ಆಸ್ಪತ್ರೆಯ ಹಿಂಬದಿಯ ಹಳೆಯ ಮನೆ, ಹನ್ನೆರಡು ಕುರ್ಚಿ, ಹನ್ನೆರಡೇ ವಿದ್ಯಾರ್ಥಿಗಳು. ನಡೆಸುವಾಕೆ ಮೂವತ್ತು ವರ್ಷ ನರ್ಸಾಗಿದ್ದು ಆಮೇಲೆ ಪಾದ್ರಿಯಾದ ಮುದುಕಿ. ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಬೆಳಿಗ್ಗೆ ವಾರ್ಡುಗಳಲ್ಲಿ ರೋಗಿಗಳ ಜೊತೆ, ಮಧ್ಯಾಹ್ನ ಪಾಠ. ಅಣ್ಣ ತನ್ನ ಪ್ರಶ್ನೆ ಕೇಳಿದ. “ಏನು ಹೇಳ್ಬೇಕು ಅಂತ ಕಲಿಸಲ್ಲ. ಏನು ಹೇಳಿದ್ರಿ ಅಂತ ಕೇಳ್ತೀವಿ” ಎಂದರು ಆಕೆ.

ಅಲ್ಲಿನ ಅರ್ಜಿಯೇ ಒಂದು ವಿಚಿತ್ರ. ದುಃಖದಲ್ಲಿದ್ದ ಒಬ್ಬರೊಂದಿಗೆ ನೀವು ಆಡಿದ ಮಾತನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಬರೆದು ತರಬೇಕು. ಹಾಳೆಗೆ ಮೂರು ಮನೆ ಗೀಟು. ಮೊದಲನೆಯದರಲ್ಲಿ ಅವರ ಮಾತು, ಎರಡನೆಯದರಲ್ಲಿ ನಿಮ್ಮ ಮಾತು, ಮೂರನೆಯದರಲ್ಲಿ ಆಗ ನಿಮ್ಮ ಮನಸ್ಸಿನಲ್ಲಿ ಇದ್ದದ್ದು. ಒಳಗೆ ಸೇರಿದವರೂ ವಾರಕ್ಕೊಂದು ಹೀಗೆ ಬರೆಯುತ್ತಾರೆ, ಎಲ್ಲರೆದುರು ಓದುತ್ತಾರೆ.

“ಇದೇ” ಎಂದ ಅಣ್ಣ ಬಸ್ಸಿನಲ್ಲಿ. “ಇಲ್ಲೇ ಸೇರ್ತೀನಿ.”

ಅವನು ವರ್ಷದಮ್ಮನ ಮಾತುಕತೆಯನ್ನೇ ಬರೆದ. ಅವನ ಅಕ್ಷರ ಅವನಿಗೇ ಅರ್ಥವಾಗದು, ಅಂದವಾಗಿ ನಕಲು ಮಾಡಿಕೊಟ್ಟವಳು ನಾನು. “ಇದು ಬೇಡ ಅಣ್ಣ. ಬೇರೆ ಎಷ್ಟೊಂದು ಜನ ಬಂದು ಹೋಗಿದ್ದಾರೆ, ಅವರ ಬಗ್ಗೆ ಬರಿ” ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಟೀಚರಮ್ಮ ಅದನ್ನು ಎರಡು ಸಲ ಓದಿದರು. ಆಮೇಲೆ, “ಇವರಿಗೆ ನಿಜ ಗೊತ್ತಾ?” ಎಂದು ಕೇಳಿದರು.

“ಇಲ್ಲ ಮೇಡಂ.”

“ಮುಂದಿನ ವರ್ಷ ಬರ್ತಾರಾ?”

“ಬರ್ತಾರೆ.”

“ಆಗ ಏನು ಹೇಳ್ತೀರಿ?”

ಆಕೆ ಹಾಳೆಯನ್ನು ಮಡಚಿ ಅವನ ಕಡೆಗೇ ತಳ್ಳಿದರು. “ನಿಮ್ಮನ್ನ ತಗೋಬೇಕು ಅಂತ ನನಗೆ ಆಸೆ ಇದೆ. ಆದ್ರೆ ಇದು ಮುಗಿದಿಲ್ಲ. ಇದನ್ನ ಹಿಂಗೇ ಇಟ್ಕೊಂಡಿರೋರನ್ನ ನಾನು ರೋಗಿಗಳ ಹತ್ರ ಕಳಿಸೋಕಾಗಲ್ಲ. ಏನು ಮಾಡ್ಬೇಕು ಅಂತ ನಾನು ಹೇಳಲ್ಲ. ಮಾಡಿ, ಬರೆದು ತನ್ನಿ. ತಿಂಗಳ ಕೊನೆವರೆಗೂ ಜಾಗ ಇಟ್ಟಿರ್ತೀನಿ.”

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಪಾತ್ರೆಗಳ ಮೇಲೆ ಕೋಪ ತೀರಿಸಿಕೊಂಡೆ. “ಆ ಮಿಂಚೋ ಕಾಲೇಜಿಗೆ ಸೇರ್ಕೋ. ಅಲ್ಲಿ ಯಾರೂ ಏನೂ ಕೇಳಲ್ಲ. ನಿನಗೆ ಪಾದ್ರಿ ಆಗ್ಬೇಕು, ಆ ಯಮ್ಮನಿಗೆ ಬದುಕೋಕೆ ಒಂದು ಮಾತು ಬೇಕು. ಎರಡೂ ಇರ್ಲಿ ಬಿಡು.”

“ಸುಳ್ಳು ಹೇಳೋದು ನಿಲ್ಲಿಸ್ಬೇಕು ಅಂತ ತಾನೇ ನಾನು ಹೊರಟಿದ್ದು?”

“ನಿಲ್ಲಿಸು. ಮುಂದಿನ ವರ್ಷ ರಜಾ ಹಾಕಿ ಮನೇಲಿರು. ಬಂದು ಹೋಗ್ಲಿ.”

“ಅವರು ಬಾಗಿಲಲ್ಲಿ ಕಾಯ್ತಾ ನಿಂತಿರ್ತಾರೆ ಪುಟ್ಟಿ” ಎಂದ. ನಾನು ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಅವನು ಆಸ್ಪತ್ರೆಯ ದಫ್ತರದಿಂದ ಅವಳ ವಿಳಾಸ ಬರೆದುಕೊಂಡು ಬಂದ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ.

ನಾಲ್ಕು ಗಂಟೆಯ ಬಸ್ಸು ಪ್ರಯಾಣ. ಮಹಡಿಯ ಮೇಲೆ ಸಾಲು ಮನೆಗಳ ಕೊನೆಯದು ಅವಳದು. ನಮ್ಮನ್ನು ನೋಡಿ ಅವಳಿಗೆ ಆದ ಖುಷಿ ಹೇಳತೀರದು. “ಬಾರಪ್ಪಾ, ಬಾ” ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಕಿಟಕಿ ಬಳಿಯ ಮಂಚದಲ್ಲಿ ಅವಳ ಗಂಡ. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು, ನಾಲಿಗೆ ತೊದಲುತ್ತಿತ್ತು. “ನೋಡ್ರೀ, ಇವರೇ. ನಮ್ಮ ಮಗಳ ಹತ್ರ ಕೊನೇಲಿ ಇದ್ರಲ್ಲ, ಇವರೇ” ಎಂದಳು. ಆ ಮನುಷ್ಯ ಬಲಗೈ ಎತ್ತಿ ಅಣ್ಣನಿಗೆ ಮುಗಿದ. ಒಂದು ಕೈಯಲ್ಲಿ ಮುಗಿಯುವುದನ್ನು ನಾನು ಅದೇ ಮೊದಲು ನೋಡಿದ್ದು. ಎದ್ದು ಓಡಿಹೋಗಬೇಕು ಅನ್ನಿಸಿತು.

“ನೀವಿಬ್ರೂ ಅವಳ ಸಮಾಧಿ ಕಲ್ಲು ನೋಡಿಲ್ಲ ಅಲ್ವಾ? ಬನ್ನಿ, ಹತ್ತಿರದಲ್ಲೇ ಇದೆ” ಎಂದು ಚಪ್ಪಲಿ ಮೆಟ್ಟಿಕೊಂಡಳು.

ಸ್ಮಶಾನ ಎರಡು ಬೀದಿಯಾಚೆ. ಮಗಳ ಸಮಾಧಿಯ ಸುತ್ತ ಒಂದು ಕಳೆ ಇರಲಿಲ್ಲ. ಕರಿಯ ಕಲ್ಲು, ಅದರ ಮೇಲೆ ಹೆಸರು, ಎರಡು ತಾರೀಕು, ಅವುಗಳ ಕೆಳಗೆ ದೊಡ್ಡ ಅಕ್ಷರದಲ್ಲಿ: ‘ಅಮ್ಮಾ, ನನಗೆ ಕೋಪ ಇಲ್ಲ.’

ನಾನು ಅಣ್ಣನ ಅಂಗಿಯ ತೋಳು ಹಿಡಿದು ಜಗ್ಗಿದೆ. ಬೇಡ, ಈಗ ಬೇಡ, ಯಾವಾಗಲೂ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವನು ನನ್ನ ಕಡೆ ನೋಡಲೇ ಇಲ್ಲ. “ಅಮ್ಮ, ನಾನು ಯಾವತ್ತೂ ತುರ್ತು ವಾರ್ಡಿನವನಲ್ಲ. ಮೊದಲಿಂದ್ಲೂ ಶವಾಗಾರದವನೇ. ನಿಮ್ಮ ಮಗಳು ನನ್ನ ಹತ್ರ ಬರೋ ಹೊತ್ತಿಗೆ ಜೀವ ಇರ್ಲಿಲ್ಲ. ಅವರು ಏನೂ ಹೇಳ್ಲಿಲ್ಲ. ಬೈತಲೆ ನಾನು ಫೋಟೋ ನೋಡಿ ತೆಗೆದದ್ದು. ಮಿಕ್ಕಿದ್ದೆಲ್ಲ ನಾನೇ ಹೇಳಿದ್ದು” ಎಂದ. ಒಂದೇ ಉಸಿರಿಗೆ, ಬಾಯಿಪಾಠ ಮಾಡಿದ ಹಾಗೆ.

ಅವಳು ಅಳಲಿಲ್ಲ. ಕಲ್ಲಿನ ಮೇಲೆ ಬಿದ್ದಿದ್ದ ಒಣ ಎಲೆಯೊಂದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. “ಹಾಗಾದ್ರೆ ಕೋಪ ಇತ್ತು” ಎಂದಳು.

“ಅದು ನನಗೆ ಗೊತ್ತಿಲ್ಲಮ್ಮ.”

“ನನಗೆ ಗೊತ್ತು. ನನ್ನ ಮಗಳು.” ಆಮೇಲೆ ಅಣ್ಣನ ಮುಖ ನೋಡಿದಳು. “ಇದನ್ನ ಈಗ ಯಾಕೆ ಹೇಳಿದ್ರಿ?”

ಅಷ್ಟು ವರ್ಷ ಅವನನ್ನು ‘ನೀನು’ ಎನ್ನುತ್ತಿದ್ದವಳು. ಒಂದು ಸುಳ್ಳು ಹೇಳಿದ್ದರೂ ಸಾಕಿತ್ತು. ಮನಸ್ಸು ತಡೀಲಿಲ್ಲ ಎಂದಿದ್ದರೂ ನಡೆಯುತ್ತಿತ್ತು, ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಅಣ್ಣ ಮಾತ್ರ ಅವತ್ತು ಸತ್ಯ ಹೇಳಲೇಬೇಕೆಂದು ಹೊರಟವನು. “ಪಾದ್ರಿಗಳ ಕಾಲೇಜಿಗೆ ಸೇರ್ಬೇಕು ಅಂತಿದ್ದೀನಮ್ಮ. ಇದು ಮುಗಿಸದೆ ತಗೊಳ್ಳಲ್ಲ ಅಂದ್ರು” ಎಂದ.

“ಓ” ಎಂದಳು ಅವಳು. “ಸೇರ್ಕೊಳ್ಳಿ. ಚೆನ್ನಾಗಿ ಓದಿ.”

ಅಷ್ಟೇ. ನಮ್ಮನ್ನು ಅಲ್ಲೇ ಬಿಟ್ಟು ಗೇಟಿನ ಕಡೆ ನಡೆದಳು.

ವಾಪಸು ಬಂದು ಅಣ್ಣ ಎರಡನೇ ಹಾಳೆ ಬರೆದ. ನಕಲು ಮಾಡಲು ನನ್ನ ಮುಂದಿಟ್ಟ. ಅವಳ ಮಾತು, ಅವನ ಮಾತು, ಎಲ್ಲ ಆದ ಹಾಗೇ ಇತ್ತು. ‘ಹಾಗಾದ್ರೆ ಕೋಪ ಇತ್ತು’ ಎಂಬ ಸಾಲಿನ ಎದುರಿಗೆ, ಮೂರನೇ ಮನೆಯಲ್ಲಿ, ಆಗ ತನ್ನ ಮನಸ್ಸಿನಲ್ಲಿದ್ದದ್ದನ್ನು ಬರೆದಿದ್ದ: ‘ಹೇಳಿ ಆಯಿತು. ಇನ್ನು ಸೀಟು ಸಿಗುತ್ತದೆ.’

ನಾನು ಪೆನ್ನು ಕೆಳಗಿಟ್ಟೆ. “ಇದನ್ನೂ ಬರೀಬೇಕಾ?”

“ಅದೇ ತಾನೇ ಇದ್ದದ್ದು” ಎಂದ. ನಾನು ಬರೆದೆ. ಅವನ ಮೇಲೆ ಅಷ್ಟು ಅಸಹ್ಯ, ಅಷ್ಟು ಮರುಕ ಒಟ್ಟಿಗೆ ನನಗೆ ಎಂದೂ ಆಗಿರಲಿಲ್ಲ.

ಟೀಚರಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಆಮೇಲೆ ಪುಸ್ತಕ ತೆರೆದು ಅವನ ಹೆಸರು ಬರೆದುಕೊಂಡರು. “ನಾನು ಮಾಡಿದ್ದು ಸರೀನಾ ಮೇಡಂ?” ಎಂದು ಅಣ್ಣ ಕೇಳಿದ. “ಗೊತ್ತಿಲ್ಲ” ಎಂದರು. ನನಗೆ ಆ ಮುದುಕಿಯ ಮೇಲೆ ಇವತ್ತಿಗೂ ಸಿಟ್ಟಿದೆ. ಆದರೆ ಅವರು ಗೊತ್ತಿದ್ದವರ ಹಾಗೆ ನಟಿಸಲಿಲ್ಲ, ಅದನ್ನು ಒಪ್ಪುತ್ತೇನೆ.

ಸೀಟು ಬೇಡ ಎಂದುಬಿಡುತ್ತಾನೇನೋ ಎಂದು ಎರಡು ದಿನ ಕಾದೆ. ಅವನು ಕಬ್ಬಿಣದ ಪೆಟ್ಟಿಗೆ ಒರೆಸಿ ಬಟ್ಟೆ ಜೋಡಿಸಿಕೊಂಡ. “ಸೇರದೇ ಇದ್ರೆ ಆ ಅಮ್ಮನಿಗೆ ಮಾಡಿದ್ದು ಯಾತಕ್ಕೂ ಬರದೆ ಹೋಗುತ್ತೆ” ಎಂದ. ಶವಾಗಾರದವರು ಅವನಿಗೊಂದು ಗಡಿಯಾರ ಕೊಟ್ಟು ಕಳಿಸಿದರು. ಮೊದಲ ವರ್ಷ ಚೆನ್ನಾಗಿ ಓದಿದ. ವಾರ್ಡಿನಲ್ಲಿ ಅವನು ಜಾಸ್ತಿ ಮಾತಾಡುವುದಿಲ್ಲವಂತೆ, ರೋಗಿಗಳು ಅವನನ್ನೇ ಕರೆಯಿರಿ ಎನ್ನುತ್ತಾರಂತೆ. ರಜೆಗೆ ಮನೆಗೆ ಬಂದರೆ ಹೊಟ್ಟೆ ತುಂಬ ಉಣ್ಣುತ್ತಿದ್ದ, ಮಲಗಿದ ತಕ್ಷಣ ಗೊರಕೆ. ಆರು ವರ್ಷ ಕಾಣದ ನಿದ್ದೆ ಅದು.

ಆ ವರ್ಷದ ತಾರೀಕಿಗೆ ಅವಳು ಬರಲಿಲ್ಲ. ನಾನು ಹೊಲಿಗೆ ಕೋಣೆಯಿಂದ ನಾಲ್ಕು ಸಲ ಕೆಳಗಿಳಿದು ಶವಾಗಾರದ ಬಾಗಿಲು ನೋಡಿ ಬಂದೆ. ಮಾರನೇ ದಿನ ಅಣ್ಣನಿಗೆ ತಿಳಿಸದೆ ಬಸ್ಸು ಹತ್ತಿದೆ. ದಾರಿಯಲ್ಲಿ ಸ್ಮಶಾನಕ್ಕೆ ಹೋದೆ. ಕಲ್ಲು ಹಾಗೇ ಇತ್ತು, ಮಾತೂ ಹಾಗೇ ಇತ್ತು.

ಬಾಗಿಲು ತೆರೆದವಳು ನನ್ನನ್ನು ಒಳಗೆ ಕರೆಯಲಿಲ್ಲ. ಹಿಂದಿನಿಂದ ಬಾಗಿಲು ಎಳೆದುಕೊಂಡು ಹೊರಗಿನ ಮೊಗಸಾಲೆಯಲ್ಲೇ ನಿಂತಳು. ತುಂಬ ಇಳಿದುಹೋಗಿದ್ದಳು.

“ಕಲ್ಲು ನೋಡಿ ಬಂದೆ” ಎಂದೆ.

“ಅಳಿಸಿದ್ರೆ ಯಾಕೆ ಅಂತ ಊರವರು ಕೇಳ್ತಾರೆ, ಇವರ ಕಿವಿಗೂ ಬೀಳುತ್ತೆ” ಎಂದಳು, ದನಿ ತಗ್ಗಿಸಿ. “ನಮ್ಮನೆಯವರಿಗೆ ನಾನು ಹೇಳಿಲ್ಲ. ಹೇಳಿದ್ರೆ ಆ ಮಂಚದಲ್ಲೇ ಜೀವ ಬಿಡ್ತಾರೆ. ಎರಡು ದಿನಕ್ಕೊಮ್ಮೆ ಕೇಳ್ತಾರೆ, ಅವಳು ಹೇಗೆ ಅಂದ್ಲು ಹೇಳು ಅಂತ. ಹೇಳ್ತೀನಿ. ನೀರು ಕೇಳಿದ್ಲು, ನಕ್ಕಳು, ಎಲ್ಲಾ ಹೇಳ್ತೀನಿ. ಮೊದ್ಲು ನಂಬಿ ಹೇಳ್ತಿದ್ದೆ. ಈಗ ಗೊತ್ತಿದ್ದೂ ಹೇಳ್ಬೇಕು.”

ಒಳಗಿನಿಂದ ತೊದಲು ದನಿಯಲ್ಲಿ ಗಂಡ ಯಾರು ಬಂದದ್ದೆಂದು ಕೇಳಿದ. “ಯಾರೂ ಇಲ್ಲ” ಎಂದು ಕೂಗಿ ಹೇಳಿದಳು. ಮತ್ತೆ ನನ್ನ ಕಡೆ ತಿರುಗಿದಳು.

“ನಿಮ್ಮ ಅಣ್ಣನಿಗೆ ಹಗುರ ಆಯ್ತಾ?”

ಇಲ್ಲ ಎನ್ನಬಹುದಿತ್ತು. ಅವನೂ ನವೆಯುತ್ತಿದ್ದಾನೆ ಎಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆದರೆ ಅವಳೆದುರು ಮತ್ತೊಂದು ಸುಳ್ಳಾಡಲು ನನಗೆ ಬಾಯಿ ಬರಲಿಲ್ಲ.

“ಆಯ್ತಮ್ಮ” ಎಂದೆ.

ಅವಳು ತಲೆಯಾಡಿಸಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.